ಜಗುಲಿಯಿಂದ ಎತ್ತಿ ಹಿಡಿದ ಸ್ಲೇಟು

ನನ್ನ ಅಣ್ಣನಿಗೆ,

ಹೆತ್ತ ಅಪ್ಪನನ್ನು ಅಣ್ಣ ಎಂದು ಕರೆಯುವ ನಮ್ಮ ಮನೆಯ ರೂಢಿ ಕೇಳಿ ಇವರು ನಗುತ್ತಾರೆ. ಇವರು ಅಂದರೆ ಯಾರು ಎಂದು ನಿಮಗೆ ಗೊತ್ತಿಲ್ಲವಲ್ಲ. ನಿಮ್ಮ ಸರೋಜಳಿಗೆ ಮದುವೆಯಾಯಿತು, ಅಣ್ಣ. ಹನ್ನೊಂದು ತಿಂಗಳಾದರೂ ಮಂಡ್ಯದ ಈ ಬೀದಿಯಲ್ಲಿ ನಾನಿನ್ನೂ ಹೊಸ ಹುಡುಗಿಯೇ, ನನಗೂ ಹಾಗೆ ಕರೆಸಿಕೊಂಡು ಸಾಕಾಗಿಲ್ಲ. ಇವರು ಸಕ್ಕರೆ ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿದ್ದಾರೆ. ಸಂಜೆ ಬರುವಾಗ ಅಂಗಿಯ ತುಂಬ ಕಾಕಂಬಿಯ ವಾಸನೆ. ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ, ಈಗ ಆ ವಾಸನೆ ಬರುವುದು ಹತ್ತು ನಿಮಿಷ ತಡವಾದರೆ ನನಗೆ... ಬಿಡಿ, ಅಪ್ಪನಿಗೆ ಇಂಥದ್ದನ್ನೆಲ್ಲ ಬರೆಯಬಾರದು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾಲೆಯ ಏರಿಯವರೆಗೆ ಕರೆದುಕೊಂಡು ಹೋಗುತ್ತಾರೆ ಎನ್ನುವುದನ್ನು ಮಾತ್ರ ಹೇಳುತ್ತೇನೆ. ಮೊದಲ ದಿನವೇ ಬಿದ್ದೆವು. ಬದುವಿನ ಮೇಲೆ ಕೂತು ಎಷ್ಟು ನಕ್ಕೆವೆಂದರೆ, ಮೊಣಕಾಲಿನ ಚರ್ಮ ಕಿತ್ತುಹೋಗಿದ್ದು ಮನೆಗೆ ಬಂದ ಮೇಲೆ ತಿಳಿಯಿತು. ನಗುತ್ತಲೇ ನನಗೆ ಅನ್ನಿಸಿದ್ದು, ಇದನ್ನು ಅಣ್ಣನಿಗೆ ಹೇಳಬೇಕು ಅಂತ. ನೀವು ಹೋಗಿ ಮೂರು ವರ್ಷವಾದರೂ ಎಲ್ಲದಕ್ಕೂ ಹಾಗೇ ಅನ್ನಿಸುತ್ತದೆ. ಹೊಸ ಸೀರೆಗೆ, ಉಕ್ಕಿದ ಹಾಲಿಗೆ, ಬೀದಿಯಲ್ಲಿ ಹೋದ ಬ್ಯಾಂಡಿಗೆ. ಹೇಳಬೇಕು ಎಂದು ಬಾಯಿ ತೆರೆದಾಗ ನೀವಿಲ್ಲ.

ಆದರೆ ಇವತ್ತು ಕಾಗದ ತೆಗೆದದ್ದು ನನ್ನ ಸಂಭ್ರಮ ಹೇಳುವುದಕ್ಕಲ್ಲ. ನಿಮ್ಮ ಸ್ಕೂಲಿನ ಜಗುಲಿಯಲ್ಲಿ ಕೂತು ಓದಿದ ದೇವೀರಿಯ ವಿಷಯ ಹೇಳುವುದಕ್ಕೆ. ನೀವು ಹೋಗುವ ಮುಂಚೆ ಅವಳ ಬಗ್ಗೆ ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಅದನ್ನು ಸರಿಪಡಿಸಬೇಕು.

ಬೆಂಗಳೂರಿನ ದಂಡು ಪ್ರದೇಶದ ನನ್ನ ಇಂಗ್ಲಿಷ್ ಸ್ಕೂಲಿಗೆ ನೀವು ಬಂದ ದಿನ ನೆನಪಿದೆಯೇ? ಆಗ ನನಗೆ ಹದಿಮೂರು. ನಮ್ಮ ತರಗತಿಯಲ್ಲಿ ಮುಂದಿನ ಎರಡು ಸಾಲು ಬಿಳಿಯರ ಹುಡುಗಿಯರಿಗೆ, ಅವರ ಹಿಂದೆ ಆಂಗ್ಲೋ ಇಂಡಿಯನ್ ಹುಡುಗಿಯರು, ಕೊನೆಗೆ ಬೀರುವಿನ ಪಕ್ಕದ ಬೆಂಚಿನಲ್ಲಿ ನಾವು ನಾಲ್ವರು. ಊಟದ ಮೇಜೂ ಬೇರೆ, ನೀರಿನ ಲೋಟವೂ ಬೇರೆ. ಇದನ್ನು ನಾನು ದೂರಿನಂತೆ ಬರೆದಿರಲಿಲ್ಲ, ಬೋರ್ಡು ಕಾಣದೆ ಜಾಮೆಟ್ರಿಯಲ್ಲಿ ಕಡಿಮೆ ಅಂಕ ಬಂತೆಂದು ನೆಪ ಬರೆದಿದ್ದೆ ಅಷ್ಟೆ. ಕಾಗದ ತಲುಪಿದ ಮಾರನೆಯ ದಿನವೇ ಮದ್ದೂರಿನಲ್ಲಿ ರೈಲು ಹತ್ತಿ, ಜರಿ ರುಮಾಲು, ಮುಚ್ಚುಕೋಟು ಹಾಕಿಕೊಂಡು ಬಂದೇಬಿಟ್ಟಿರಿ. ಬೂಟಿನ ಮೇಲೆ ಧೂಳಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು, ಆ ನಾಚಿಕೆಗೆ ಈಗ ಎಷ್ಟು ಅಳು ಬರುತ್ತದೆ ಗೊತ್ತೇ.

ದೊಡ್ಡ ಮದರ್ ಎದುರು ನಿಂತು ನೀವು ಜಗಳವಾಡಲಿಲ್ಲ. ನಿಧಾನವಾದ ನಿಮ್ಮ ಇಂಗ್ಲಿಷಿನಲ್ಲಿ ಒಂದೇ ಒಂದು ಕೇಳಿಕೊಂಡಿರಿ. “ತಾಯೀ, ತಾವು ದಯವಿಟ್ಟು ನನ್ನ ಮಗಳ ಜಾಗದಲ್ಲಿ ಒಂದು ನಿಮಿಷ ಕೂತುಕೊಳ್ಳಿ. ಕೂತು ಬೋರ್ಡಿನ ಮೇಲಿರುವುದನ್ನು ಓದಿ.” ಆಕೆ ಕೂತರು. ಕಣ್ಣು ಕಿರಿದು ಮಾಡಿದರು, ಕತ್ತು ವಾಲಿಸಿದರು, ಓದಲಾಗಲಿಲ್ಲ. “ಕೂರಿಸುವ ಜಾಗದಲ್ಲೇ ಅರ್ಧ ಪಾಠ ಇರುತ್ತದೆ. ನಾನೂ ಮೇಷ್ಟ್ರು, ನನಗೆ ಗೊತ್ತು” ಎಂದಿರಿ. ಮರುದಿನದಿಂದ ನಾವು ನಾಲ್ವರೂ ಎರಡನೆಯ ಸಾಲಿಗೆ ಬಂದೆವು. ನನ್ನ ಅಪ್ಪನಂಥ ಅಪ್ಪ ಭೂಮಿಯ ಮೇಲಿಲ್ಲ ಎಂದು ಆ ವಾರವೆಲ್ಲ ಸ್ಕೂಲಿನಲ್ಲಿ ಹೇಳಿಕೊಂಡು ತಿರುಗಿದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಆದ್ದರಿಂದಲೇ ಮುಂದಿನದನ್ನು ಬರೆಯುವುದು ಕಷ್ಟ.

ಅದೇ ವರ್ಷ ಕ್ರಿಸ್‌ಮಸ್ ರಜಕ್ಕೆ ಊರಿಗೆ ಬಂದಿದ್ದೆ. ನಿಮ್ಮ ಸ್ಕೂಲಿಗೆ ರಜವಿರಲಿಲ್ಲ. ಮನೆಯಲ್ಲಿ ಬೇಜಾರೆಂದು ನಿಮ್ಮ ಜೊತೆ ಬಂದು ಕಿಟಕಿಯ ಕಟ್ಟೆ ಮೇಲೆ ಕೂತಿದ್ದೆ. ಒಳಗೆ ಊರಿನ ಮಕ್ಕಳು, ಹೊರಗೆ ಜಗುಲಿಯ ಮೇಲೆ ಹೊಲಗೇರಿಯ ಆರು ಮಕ್ಕಳು. ಆ ಆರು ಮಕ್ಕಳನ್ನು ಜಗುಲಿಯವರೆಗೆ ತರುವುದಕ್ಕೂ ನೀವು ಪಟ್ಟ ಪಾಡು ನನಗೆ ಗೊತ್ತಿಲ್ಲದ್ದಲ್ಲ. ಯಾರನ್ನೂ ಸ್ಕೂಲಿನಿಂದ ಹೊರಗಿಡಬಾರದೆಂದು ಸರ್ಕಾರದ ಆರ್ಡರು ಎಂದೋ ಬಂದಿತ್ತು. ಆದರೂ ನೀವು ಅವರನ್ನು ಸೇರಿಸಿಕೊಂಡಾಗ ಊರಿನವರು ಹತ್ತು ದಿನ ತಮ್ಮ ಮಕ್ಕಳನ್ನು ಕಳಿಸಲಿಲ್ಲ, ನೀವು ಖಾಲಿ ಕೋಣೆಯಲ್ಲಿ ಕೂತು ಹಾಜರಿ ಕರೆದಿರಿ. ಕೊನೆಗೆ ಊರು ಸೋತಿತು, ಎರಡು ಷರತ್ತಿನ ಮೇಲೆ. ಆ ಮಕ್ಕಳು ಹೊಸಿಲು ದಾಟಬಾರದು. ಬಾಗಿಲ ಹಿಂದೆ ಕುಡಿಯುವ ನೀರಿನ ಕೊಳಗ ಇರುವುದರಿಂದ ಅವರ ದೃಷ್ಟಿ ಬೀಳದಂತೆ ಆ ಕಡೆಯ ಕದ ಮುಚ್ಚಿರಬೇಕು. ನೀವು ಒಪ್ಪಿದಿರಿ. ಒಪ್ಪದಿದ್ದರೆ ಜಗುಲಿಯೂ ಇರುತ್ತಿರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಇರಬಹುದು.

ಲೆಕ್ಕ ಮುಗಿದ ಮೇಲೆ ಒಳಗಿನ ಮಕ್ಕಳು ಒಬ್ಬೊಬ್ಬರಾಗಿ ನಿಮ್ಮ ಕುರ್ಚಿಯ ಬಳಿ ಬಂದು ಸ್ಲೇಟು ಕೊಟ್ಟರು. ನೀವು ಕೈಗೆ ತೆಗೆದುಕೊಂಡು, ತಪ್ಪಿದ್ದರೆ ಉಗುಳಿನಿಂದ ಅಳಿಸಿ, ಅವರ ಕೈ ಹಿಡಿದೇ ತಿದ್ದಿಸಿದಿರಿ. ಆಮೇಲೆ ಕುರ್ಚಿಯಲ್ಲಿ ಕೂತಲ್ಲಿಂದಲೇ, “ಹೊರಗಿನವರು ಎತ್ತಿ ತೋರಿಸಿ” ಎಂದಿರಿ. ಜಗುಲಿಯಲ್ಲಿ ಆರು ಸ್ಲೇಟು ಒಟ್ಟಿಗೆ ಮೇಲೆದ್ದವು. “ಸರಿ, ಸರಿ, ಸರಿ” ಎಂದು ತಲೆಯಾಡಿಸಿದಿರಿ. ಕಿಟಕಿಯ ಹತ್ತಿರವೇ ಕೂತಿದ್ದ ದೇವೀರಿಯ ಸ್ಲೇಟು ನನಗೆ ಕಾಣುತ್ತಿತ್ತು. ನಾಲ್ಕು ಸಾಲಿನ ಕೂಡುವ ಲೆಕ್ಕ, ಉತ್ತರ ಪೂರ್ತಿ ತಪ್ಪು. ಹತ್ತು ಮಾರು ದೂರದ ಎಮ್ಮೆಯನ್ನು ಹಸು ಅನ್ನುವ ನಿಮ್ಮ ಕಣ್ಣಿಗೆ ಅದೆಲ್ಲಿ ಕಾಣಬೇಕು? ನನಗೆ ನಗು ಬಂತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಆ ಹುಡುಗಿ ನನ್ನನ್ನು ನೋಡಿದಳು, ಸ್ಲೇಟನ್ನು ನೋಡಿಕೊಂಡಳು, ನಿಧಾನವಾಗಿ ಕೆಳಗಿಳಿಸಿದಳು. ದಾರಿಯಲ್ಲಿ ನಿಮಗೆ ಹೇಳಬಹುದಿತ್ತು. ನನ್ನ ಬೆಂಚಿಗಾಗಿ ಐವತ್ತು ಅರವತ್ತು ಮೈಲಿ ಬಂದವರು ನೀವು, ಹೇಳಿದ್ದರೆ ಕೇಳುತ್ತಿದ್ದಿರೋ ಏನೋ. ಹೇಳಲಿಲ್ಲ. ಅಲ್ಲಿ ಹಾಗೇ ನಡೆಯುವುದು ಎಂದುಕೊಂಡೆ. ಮನೆಗೆ ಬಂದು ನೀವು ಎಂದಿನಂತೆ ಬಾವಿಯ ಹತ್ತಿರ ಸ್ನಾನ ಮಾಡಿದಿರಿ, ನಾನು ಟವೆಲು ಹಿಡಿದು ನಿಂತಿದ್ದೆ.

ನಿಮ್ಮ ಕೊನೆಯ ಜ್ವರದ ವಾರವೇ ಲೋಯರ್ ಸೆಕೆಂಡರಿ ಪರೀಕ್ಷೆಯ ಫಲಿತಾಂಶ ಬಂತಲ್ಲ, ಆ ಮಧ್ಯಾಹ್ನ ನಾನು ನಿಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಜಗುಲಿಯ ಆರು ಮಕ್ಕಳಲ್ಲಿ ಐವರು ನಡುವೆಯೇ ಬಿಟ್ಟು ದನ ಕಾಯಲು ಹೋಗಿದ್ದರು, ಪರೀಕ್ಷೆಗೆ ಕೂತವಳು ದೇವೀರಿ ಒಬ್ಬಳೇ. ಸಹಾಯಕ ಮೇಷ್ಟ್ರು ಬಾಗಿಲಲ್ಲಿ ನಿಂತು ನನಗೆ ಮಾತ್ರ ಕಾಣುವಂತೆ ತಲೆ ಅಲ್ಲಾಡಿಸಿದರು. ಉಳಿದ ವಿಷಯಗಳಲ್ಲಿ ಆಗಿದ್ದಳು, ಗಣಿತದಲ್ಲಿ ಹೋಗಿತ್ತು. ನೀವು ಕಣ್ಣು ಮುಚ್ಚಿಕೊಂಡೇ, “ದೇವೀರಿ ಪಾಸಾದಳೇನಮ್ಮ?” ಎಂದಿರಿ. “ಪಾಸಾದಳು ಅಣ್ಣ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ನಿಮ್ಮ ಮುಖ ಅರಳಿತು. “ನೋಡಿದೆಯಾ, ಹೊರಗೆ ಕೂತೇ ಪಾಸಾದಳು. ಕಲಿಯೋರಿಗೆ ಎಲ್ಲಿ ಕೂತರೇನು” ಎಂದಿರಿ.

ನೆಮ್ಮದಿಯಾಗಿ ಹೋಗಲಿ ಎಂದು ಹೇಳಿದ್ದೆ. ಆ ಎರಡನೆಯ ಮಾತನ್ನು ನೀವು ಆಡದಿದ್ದರೆ ನನ್ನ ಸುಳ್ಳನ್ನು ನಾನು ಎಂದೋ ಮರೆತುಬಿಡುತ್ತಿದ್ದೆನೇನೋ. ಕೂರಿಸುವ ಜಾಗದಲ್ಲೇ ಅರ್ಧ ಪಾಠ ಎಂದವರು ನೀವೇ ಅಲ್ಲವೇ, ಅಣ್ಣ? ಎಲ್ಲಿ ಕೂತರೇನು ಎಂದು ನಂಬಿಕೊಂಡು ಹೋಗುವುದಕ್ಕೆ ನಾನೇ ನಿಮಗೆ...

ಕಳೆದ ವರ್ಷ ಮದುವೆಯಾದ ಹತ್ತೇ ದಿನಕ್ಕೆ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ತವರಿನಲ್ಲಿರಬೇಕೆಂದು ನನ್ನನ್ನು ಊರಿಗೆ ಕಳಿಸಿದರು. ನಾನು ಪಟ್ಟ ಸಂಕಟ ಕೇಳಬೇಡಿ. ದಿನಕ್ಕೊಂದು ಕಾಗದ ಬರೆಯುತ್ತಿದ್ದೆ, ಕೆಲವು ದಿನ ಎರಡು. ಅಂಥ ಒಂದು ಬೆಳಗ್ಗೆ ಹಿತ್ತಲ ಬಾಗಿಲ ಹತ್ತಿರ, ಯಾರೋ ಕೆಮ್ಮಿದ ಸದ್ದು. ನೋಡಿದರೆ ಎತ್ತರವಾಗಿ ಬೆಳೆದ ಹುಡುಗಿ, ಮೊಣಕಾಲಿನವರೆಗೆ ಗದ್ದೆಯ ಕೆಸರು. ದೇವೀರಿ ಎಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

“ಚಿಕ್ಕಮ್ಮಾವ್ರೆ, ಮೇಷ್ಟ್ರುದು ಲೆಕ್ಕದ್ ಪುಸ್ತಕ ಒಂದಿತ್ತಲ್ಲ, ಕೆಂಪು ರಟ್ಟಿಂದು, ಅದ ಒಂದ್ಕಿತ ಕೊಡ್ತೀರಾ?” ಎಂದಳು. “ಮತ್ತೆ ಪರೀಕ್ಸೆ ಕಟ್ತೀನಿ. ಈ ಸಲ ಆಗ್ನಿಲ್ಲ ಅಂದ್ರೆ ನಮ್ಮವ್ವ ಬಂಡೂರಿನ್ ಸಂಬಂದಕ್ಕೆ ಊಂ ಅಂದ್ಬುಡ್ತಳೆ. ಪಾಸಾದ್ರೆ ಮೇಷ್ಟ್ರು ಟ್ರೈನಿಂಗಿಗೆ ಓಯ್ತೀನಿ.”

“ಗಂಡು ಹೇಗಿದ್ದಾನೆ?” ಎಂದೆ. ಹೊಸದಾಗಿ ಮದುವೆಯಾದವಳಲ್ಲವೇ ನಾನು, ಬಾಯಿಗೆ ಮೊದಲು ಬಂದದ್ದು ಅದೇ.

“ಅವುನ್ಗೇನು, ಚೆಂದಾಗವ್ನೆ. ಕುರಿ ಮೇಯಿಸ್ತನೆ. ಕುರಿನೂ ಚೆಂದಾಗವೆ” ಎಂದಳು, ನಗದೆ.

ಪುಸ್ತಕ ಕೊಟ್ಟು ಕಳಿಸಲು ಮನಸ್ಸಾಗಲಿಲ್ಲ, ನಾನೇ ಹೇಳಿಕೊಡುತ್ತೇನೆ ಎಂದೆ. ಬಹಳ ಉದಾರಳಾಗಿ ಹೇಳಿದೆ. ಆಮೇಲೆ ಏನು ಮಾಡಿದೆ ಗೊತ್ತೇ? ಜಗುಲಿಯ ಮೇಲೆ ಅವಳಿಗೊಂದು ಈಚಲು ಚಾಪೆ ಹಾಸಿ, ನಾನು ನಿಮ್ಮ ಕುರ್ಚಿ ತಂದು ಹೊಸಿಲ ಒಳಗೆ ಹಾಕಿಕೊಂಡು ಕೂತೆ. ಯಾರೂ ಹೇಳಿಕೊಡಲಿಲ್ಲ, ಕೈಕಾಲು ತಾವಾಗಿಯೇ ಮಾಡಿದವು. ಲೆಕ್ಕ ಮುಗಿಸಿ ಅವಳೂ ಸ್ಕೂಲಿನಲ್ಲಿ ಮಾಡುತ್ತಿದ್ದಂತೆ ಎದ್ದು ನಿಂತು ಸ್ಲೇಟನ್ನು ಎತ್ತಿ ಹಿಡಿದಳು. ಆಗ ನನಗೆ ಕೂತಲ್ಲೇ ಮೈ ಬಿಸಿಯಾಯಿತು. “ಇಲ್ಲಿ ತಾ” ಎಂದೆ. ತಂದು ನೆಲದ ಮೇಲಿಟ್ಟು ಹಿಂದೆ ಸರಿದಳು. ಎತ್ತಿಕೊಂಡು ನೋಡಿದೆ. ಸಾವಿರದಿನ್ನೂರರ ಕೆಳಗೆ ಮೂವತ್ತೈದನ್ನು ಕೂಡಬೇಕಿತ್ತು. ಮೂವತ್ತೈದರ ಮೂರು ಹೋಗಿ ಸಾವಿರದ ಒಂದರ ಕೆಳಗೆ ನಿಂತಿತ್ತು. ಎಲ್ಲ ಅಂಕಿಗಳನ್ನೂ ಎಡಗಡೆಯಿಂದ ಜೋಡಿಸಿದ್ದಳು, ಪುಸ್ತಕದ ಅಕ್ಷರ ಜೋಡಿಸಿದಂತೆ.

“ಇದನ್ನ ಯಾರು ಹೀಗೆ ಹೇಳಿಕೊಟ್ಟರು? ಬಿಡಿಸ್ಥಾನದ ಅಂಕಿ ಬಲಗಡೆ ಒಂದರ ಕೆಳಗೆ ಒಂದು ಬರಬೇಕಲ್ಲ?”

“ಬಲಗಡೆ ನಾ ಎಲ್ ಕಂಡೆ?” ಎಂದಳು. “ಆ ಕಡೆ ಕದ ಮುಚ್ಚಿರ್ತಿತ್ತಲ್ಲ. ಬೋರ್ಡು ಎಡಗಡೆ ಅರ್ದ ಕಾಣೋದು. ಸಾಲೆಲ್ಲ ಅಲ್ಲಿಂದ ಸುರುವಾಗದು, ಅಂಗೇ ಬರ್ಕೊಂಡೆ. ಮೇಷ್ಟ್ರು ಸರಿ ಅಂದ್ರು.”

ಅಣ್ಣ, ಅವಳ ಬಾಯಿಲೆಕ್ಕ ಕೇಳಬೇಕಿತ್ತು ನೀವು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೆಲ್ಲ ನೀರಿನಂತೆ ಹರಿಯುತ್ತದೆ, ಏಕೆಂದರೆ ಅದು ಕಿವಿಗೆ ಬಿದ್ದದ್ದು, ಕಿವಿಗೆ ಯಾರೂ ಕದ ಹಾಕಿರಲಿಲ್ಲ. “ಏಳು ಮುಕ್ಕಾಲು?” ಎಂದು ಅವಳೇ ನನ್ನನ್ನು ಕೇಳಿದಳು. ನಾನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, ಗುಣಿಸಿ, ಭಾಗಿಸಿ, ವಾಪಸು ಕನ್ನಡಕ್ಕೆ ತರುವಷ್ಟರಲ್ಲಿ, “ಐದೂ ಕಾಲು. ಇಂಗ್ಲಿಸ್ ಲೆಕ್ಕ ಬಲೆ ನಿದಾನ ಕಣ್ರವ್ವ” ಎಂದು ಮೊದಲ ಸಲ ನಕ್ಕಳು. ಕಿವಿಯಿಂದ ಕಲಿತದ್ದೆಲ್ಲ ಸರಿ. ಯಾರಾದರೂ ಹತ್ತಿರ ಬಂದು ನೋಡಿ ತಿದ್ದಬೇಕಾದದ್ದೆಲ್ಲ ತಪ್ಪು.

ಒಳಗೆ ಬಾ ಎಂದು ಕರೆದೆ. ಅವಳು ಬರಲಿಲ್ಲ. “ನೀವು ಕರೀತೀರಿ, ದೊಡ್ಡಮ್ಮಾವ್ರು ಬಯ್ತಾರೆ, ನಾಳಿಂದ ಬರ್ಬ್ಯಾಡ ಅಂತಾರೆ. ಆಗ ನಂಗೆ ಲೆಕ್ಕ ಯಾರ್ ಏಳ್ಕೊಡ್ತಾರೆ? ನೀವೇ ಈಚೆಗ್ ಬನ್ನಿ” ಎಂದಳು. ಹೋದೆ. ಈಚಲು ಚಾಪೆಯ ಮೇಲೆ ಪಕ್ಕದಲ್ಲೇ ಕೂತು, ಅವಳ ಕೈ ಹಿಡಿದು ಬಿಡಿಯ ಕೆಳಗೆ ಬಿಡಿ ಬರೆಸಿದೆ. ಕೈ ಮುಟ್ಟಿದಾಗ ಅವಳ ಬೆರಳು ಗಟ್ಟಿಯಾಯಿತು, ನನ್ನದೂ. ಆಮೇಲೆ ಬಳಪದ ಕಡೆ ಗಮನ ಹೋಯಿತು, ಇಬ್ಬರಿಗೂ ಮರೆತುಹೋಯಿತು.

ಅಮ್ಮ ಬಯ್ಯಲಿಲ್ಲ, ನೀರು ತೋಡಿಟ್ಟಳು. ಪಾಠ ಮುಗಿದ ಕೂಡಲೇ ದಿನವೂ ನನಗೆ ಬಾವಿಯ ಹತ್ತಿರ ತಣ್ಣೀರಿನ ಸ್ನಾನ. ಆಷಾಢದ ಗಾಳಿ. ಒಂಬತ್ತನೆಯ ದಿನ ನೆಗಡಿ, ಕೆಮ್ಮು, ಮೂಗು ಕೆಂಪಗೆ. “ನಿಮ್ಮಪ್ಪ ಇಷ್ಟು ವರ್ಷ ಸ್ನಾನ ಮಾಡಲಿಲ್ಲವೇನೇ?” ಎಂದಳು ಅಮ್ಮ. “ಅಣ್ಣ ಅವರ ಹತ್ತಿರಕ್ಕೇ ಹೋಗಲಿಲ್ಲವಲ್ಲಮ್ಮ, ಆದರೂ ಸ್ನಾನ ಯಾಕೆ ಮಾಡುತ್ತಿದ್ದರು?” ಎಂದೆ. ಅಮ್ಮ ಬಹಳ ಹೊತ್ತು ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಕೊನೆಗೆ, “ಕಾಯಿಲೆ ಬಿದ್ದರೆ ನಿನ್ನ ಗಂಡನಿಗೆ ಯಾರು ಉತ್ತರ ಹೇಳುತ್ತಾರೆ. ಕೈಕಾಲು ತೊಳೆದುಕೋ, ಸಾಕು” ಎಂದಳು. ಅದಕ್ಕಿಂತ ಮುಂದಕ್ಕೆ ಅವಳು ಬರಲಿಲ್ಲ. ದೇವೀರಿಗೆ ಮಜ್ಜಿಗೆಯನ್ನು ಈಗಲೂ ಎತ್ತರದಿಂದಲೇ ಸುರಿಯುತ್ತಾಳೆ.

ಆಷಾಢದ ಕೊನೆಯ ವಾರ, ಒಂದು ಮಧ್ಯಾಹ್ನ ನನ್ನ ಸುಳ್ಳನ್ನು ದೇವೀರಿಗೆ ಹೇಳಿದೆ. ಹೇಳಿ, ನೀವು ನೆಮ್ಮದಿಯಾಗಿ ಹೋದಿರಿ ಎಂದೂ ಸೇರಿಸಿದೆ. ಅವಳು ಬಳಪವನ್ನು ಚಾಪೆಯ ಮೇಲೆ ಉರುಳಿಸುತ್ತ ಕೂತಿದ್ದಳು.

“ಒಂದಿನ ನಮ್ ಸಿದ್ದ ಲೆಕ್ಕ ಮಾಡ್ದೆ ಸ್ಲೇಟಲ್ಲಿ ಕೋಳಿ ಬರ್ದು ಎತ್ತಿ ಇಡ್ದ” ಎಂದಳು. “ಮೇಷ್ಟ್ರು ಅದ್ಕೂ ಸರಿ ಅಂದ್ರು. ಜಗುಲಿಲಿ ಎಲ್ರೂ ಬಿದ್ದು ಬಿದ್ದು ನಕ್ರು. ನಾ ನಗ್ನಿಲ್ಲ. ಕೋಳಿ ಸರಿ ಅಂದೋರು ನನ್ ಲೆಕ್ಕಾನೂ ನೋಡಿಲ್ಲ ಅಂತ ಅವತ್ತೇ ಗೊತ್ತಾಯ್ತು. ಆದ್ರೆ ಯಾರ್ನ ಕೇಳಾನ?”

“ಅವರು ನಿನ್ನ ಬಗ್ಗೆ ಎಷ್ಟು ಅಭಿಮಾನ ಇಟ್ಟುಕೊಂಡಿದ್ದರು ಗೊತ್ತೇ, ದೇವೀರಿ?”

“ಗೊತ್ತು. ಊರೋರ್ನೆಲ್ಲ ಎದ್ರಾಕ್ಕೊಂಡು ಕೂರ್ಸಿದ್ರು. ಅವ್ರಿಲ್ದಿದ್ರೆ ನಂಗೆ ಅ ಆ ನೂ ಬತ್ತಿರ್ನಿಲ್ಲ” ಎಂದಳು. ಉರುಳಿಸುತ್ತಿದ್ದ ಬಳಪವನ್ನು ತಡೆದು, “ಬಯ್ದಿದ್ರೆ ಚೆಂದಾಗಿತ್ತು ಕಣಮ್ಮ. ಒಳಗಿನ್ ಐಕ್ಳಿಗೆ ಬಯ್ತಿದ್ರಲ್ಲ, ಏನ್ ತಲೆಲಿ ಸೆಗಣಿ ತುಂಬ್ಕೊಂಡಿದ್ದೀಯಾ ಅಂತ, ಅಂಗೆ. ನಮ್ಗೊಂದಿನಾನೂ ಬಯ್ನಿಲ್ಲ” ಎಂದಳು.

ನಿಮ್ಮ ಬಯ್ಗುಳಕ್ಕೆ ಹೆದರಿ ಒಳಗಿನ ಮಕ್ಕಳು ನಡುಗುತ್ತಿದ್ದುದು ನನಗೆ ಗೊತ್ತು. ಅದಕ್ಕಾಗಿ ಒಬ್ಬಳು ಹೊರಗೆ ಕೂತು ಆಸೆಪಡುತ್ತಿದ್ದಳು ಎಂದು ನಿಮಗೆ ಗೊತ್ತಿತ್ತೇ, ಅಣ್ಣ?

ಶ್ರಾವಣದಲ್ಲಿ ನಾನು ಮಂಡ್ಯಕ್ಕೆ ಹೊರಟ ದಿನ, ಇನ್ನು ಪಾಠ ಹೇಗೆ ಎಂಬ ಯೋಚನೆ ಇತ್ತು. ಇವರಿಗೆ ಎಲ್ಲ ಹೇಳಿದೆ. “ಭಾನುವಾರ ಬರಲಿ, ಕಷ್ಟವೇನು” ಎಂದರು. ಮೊದಲ ಭಾನುವಾರ ಅವಳು ನಮ್ಮ ಗೇಟಿನ ಹೊರಗೇ ನಿಂತಿದ್ದಳು. ಇವರು ಪೇಪರಿನಿಂದ ತಲೆಯೆತ್ತಿ, “ಒಳಗೆ ಬಾರಮ್ಮ, ನಿನಗೂ ಸೇರಿಸಿ ಕಾಫಿ ಬೆರೆಸಿದ್ದಾಳೆ, ನಾನು ಎರಡೆರಡು ಕುಡಿಯೋಕಾಗಲ್ಲ” ಎಂದರು. ಅಷ್ಟೆ. ನಮ್ಮ ಕೋಣೆಯ ಮೇಜಿನ ಹತ್ತಿರ ಅವಳು ಕುರ್ಚಿಯ ತುದಿಯಲ್ಲಿ ಕೂತಳು, ಯಾವಾಗ ಬೇಕಾದರೂ ಏಳಬೇಕಾದವಳಂತೆ. ಬೆನ್ನು ಒರಗಿಸಿ ಕೂರಲು ದೀಪಾವಳಿ ಕಳೆಯಬೇಕಾಯಿತು. ಇವರ ಮೇಲಿನ ನನ್ನ ಪ್ರೀತಿ ಆ ಒಂದು ಲೋಟ ಕಾಫಿಯಿಂದ ಎಷ್ಟು ಹೆಚ್ಚಿತೆಂದು ಬರೆಯಲು ನನಗೆ ಬರುವುದಿಲ್ಲ. ಆದರೆ ನಾವೂ ದೊಡ್ಡ ಧೈರ್ಯಸ್ಥರೇನಲ್ಲ. ಮೈಸೂರಿನಲ್ಲಿರುವ ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಸಂಕ್ರಾಂತಿಗೆ ಅವರು ಬಂದಿದ್ದಾಗ ಎರಡು ಭಾನುವಾರ ದೇವೀರಿಗೆ ಬರಬೇಡವೆಂದು ನಾನೇ ಹೇಳಿಕಳಿಸಿದೆ. ಅವಳು ಕಾರಣ ಕೇಳಲಿಲ್ಲ. ನಾನೂ ನಿಮ್ಮ ಮಗಳೇ. ಎಲ್ಲಿಯವರೆಗೋ ಹೋಗಿ ನಿಂತುಬಿಡುತ್ತೇನೆ.

ಯುಗಾದಿಯಾದ ಮೇಲೆ ಪರೀಕ್ಷೆ ನಡೆಯಿತು. ಗಣಿತದ ದಿನ ಅವಳಿಗಿಂತ ನಾನೇ ಹೆಚ್ಚು ಬೆವೆತೆ. ಹೊರಗೆ ಬಂದವಳನ್ನು ಹೇಗಾಯಿತು ಎಂದು ಕೇಳಿದರೆ, “ಬಲಗಡೆ ಅಂಚು ಬಿಟ್ಟು ಕೈನೇ ತೆಗೀನಿಲ್ಲ” ಎಂದಳು. ಮೊನ್ನೆ ಸಂಜೆ ಇವರು ಪಟ್ಟಿ ನೋಡಿಕೊಂಡು, ಬೀದಿಯ ತಿರುವಿನಿಂದಲೇ ಗಂಟೆ ಹೊಡೆಯುತ್ತ ಸೈಕಲ್ಲಿನಲ್ಲಿ ಬಂದರು. ದೇವೀರಿ ಪಾಸಾಗಿದ್ದಾಳೆ, ಅಣ್ಣ. ನಿಜವಾಗಿ ಪಾಸಾಗಿದ್ದಾಳೆ. ಬಂಡೂರಿನವರಿಗೆ ಅವಳ ಅವ್ವ ಇಲ್ಲವೆಂದು ಹೇಳಿಕಳಿಸಿದ್ದಾಳೆ, ಟ್ರೈನಿಂಗಿಗೆ ಅರ್ಜಿಯನ್ನು ಇವತ್ತು ನಮ್ಮ ಮೇಜಿನ ಮೇಲೇ ಬರೆದಳು.

ಅರ್ಜಿ ಮಡಚಿ ಎದ್ದವಳು, ಇವತ್ತೇ ಅಣ್ಣನಿಗೆ ಕಾಗದ ಬರೆಯಬೇಕೆಂದು ನಾನು ಕುಣಿಯುತ್ತಿದ್ದುದನ್ನು ಕಂಡು ಬಾಗಿಲಲ್ಲಿ ನಿಂತಳು. ಸತ್ತವರಿಗೆ ಕಾಗದವೇ ಎಂದು ನಗುವಳೆಂದುಕೊಂಡೆ, ನಗಲಿಲ್ಲ.

“ಬರೆಯದಾದ್ರೆ ಫೇಲಾಗಿದ್ನೂ ಬರೀರಿ” ಎಂದಳು. “ಮೂರೊರ್ಸ ನಾಟಿ ಆಕಿದ್ನೂ ಬರೀರಿ. ಪಾಸಾಗಿದ್ನೊಂದೇ ಬರುದ್ರೆ ಅವ್ರು ಅಲ್ಲೂ ಎಲ್ಲ ಸರಿ ಅಂತ್ಲೇ ಅಂದ್ಕೊಂಡಿರ್ತಾರೆ.”

ಆದ್ದರಿಂದ ಎಲ್ಲವನ್ನೂ ಬರೆದಿದ್ದೇನೆ. ನಾನು ಕೊಟ್ಟ ನೆಮ್ಮದಿಯನ್ನು ನಾನೇ ವಾಪಸು ತೆಗೆದುಕೊಳ್ಳುತ್ತಿದ್ದೇನೆ, ನೋವಾದರೆ ಕ್ಷಮಿಸಿ. ಅವಳಿಗೆ ನಿಮ್ಮ ಮೇಲೆ ಕೋಪವಿದೆ, ಅಣ್ಣ. ನಿಮ್ಮ ಮಾತು ಬಂದರೆ ಅವಳ ಕಣ್ಣು ತುಂಬುವುದೂ ನಿಜ. ಎರಡರಲ್ಲಿ ಯಾವುದನ್ನೂ ನಾನು ಬೇಡ ಅನ್ನಲಿಲ್ಲ.

ನಿಮ್ಮ ಮಗಳು,
ಸರೋಜ